ಎನ್‌ಕೋಡರ್ ಫರ್ಮ್‌ವೇರ್ ಪರೀಕ್ಷೆಗೆ ನಕಲಿ ಎನ್‌ಕೋಡರ್: ಪದೇ ಪದೇ ಕೇಳುವ ಪ್ರಶ್ನೆಗಳು

ಮೋಟರ್, ರೋಬೋಟ್ ತೋಳು, ಸಿಎನ್‌ಸಿ ಯಂತ್ರ, ದೂರದರ್ಶಕದ ಪೀಠ ಇವುಗಳ ಶಾಫ್ಟ್ ಈ ಕ್ಷಣ ಯಾವ ಕೋನದಲ್ಲಿದೆ ಎಂದು ನಿಯಂತ್ರಕಕ್ಕೆ ತಿಳಿಸುವುದು ಎನ್‌ಕೋಡರ್. ಅದರ ಮಾತನ್ನು ಫರ್ಮ್‌ವೇರ್ (ನಿಯಂತ್ರಕದೊಳಗೆ ಓಡುವ ತಂತ್ರಾಂಶ) ತಪ್ಪಾಗಿ ಓದಿದರೆ ಯಂತ್ರ ತಪ್ಪು ದಿಕ್ಕಿಗೆ, ಕೆಲವೊಮ್ಮೆ ಪೂರ್ಣ ಬಲದಿಂದ, ಓಡುತ್ತದೆ. ಅಂಥ ಫರ್ಮ್‌ವೇರನ್ನು ಸಂವೇದಕದ ಅನುಕರಣೆಯ ಮೂಲಕ ಪರೀಕ್ಷಿಸ ಹೊರಟವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ.

ಅಸಲಿ ಎನ್‌ಕೋಡರ್ ಕೈಯಲ್ಲೇ ಇರುವಾಗ ಅನುಕರಣೆ ಏಕೆ ಬೇಕು?

ಅಸಲಿ ಎನ್‌ಕೋಡರ್ ಮೇಜಿನ ಮೇಲೆ ತೀರಾ ಒಳ್ಳೆಯದಾಗಿ ನಡೆದುಕೊಳ್ಳುತ್ತದೆ. ಕೇಬಲ್ ಹೊಸದು, ವಿದ್ಯುತ್ ಪೂರೈಕೆ ಸ್ವಚ್ಛ, ಶಾಫ್ಟನ್ನು ತಿರುಗಿಸುವುದು ನಮ್ಮದೇ ಬೆರಳು. ಕೋನ 16383ರಿಂದ (14 ಬಿಟ್‌ನ ಕೊನೆಯ ಸಂಖ್ಯೆ) 0ಗೆ ಹೊರಳುವ ಕ್ಷಣದಲ್ಲೇ ಒಂದು ಬಿಟ್ ಕೆಡಲಿ, ಸುತ್ತಿಗೊಮ್ಮೆ ಗುರುತಾಗಿ ಬರುವ ಇಂಡೆಕ್ಸ್ ಪಲ್ಸ್ ಬರುವಾಗಲೇ ದಿಕ್ಕು ಬದಲಾಗಲಿ ಎಂದು ಅದಕ್ಕೆ ಆಜ್ಞಾಪಿಸಲಾಗದು. ಕಾರ್ಖಾನೆಯಲ್ಲಿ ಮಾತ್ರ ಇವೆಲ್ಲ ತಾವಾಗಿಯೇ ನಡೆಯುತ್ತವೆ, ಆಗ ನೋಡಲು ನಾವು ಅಲ್ಲಿರುವುದಿಲ್ಲ.

ಎರಡನೆಯ ಕಾರಣ ಪುನರಾವರ್ತನೆ. ಕೈಯಿಂದ ತಿರುಗಿಸಿ ಕಂಡ ದೋಷವನ್ನು ಮತ್ತೆ ಅದೇ ರೀತಿ ತೋರಿಸುವುದು ಕಷ್ಟ. ಎಮ್ಯುಲೇಟರ್‌ನಲ್ಲಿ, ಅಂದರೆ ನಕಲಿ ಎನ್‌ಕೋಡರ್‌ನಲ್ಲಿ, ಅದೇ ಎಡ್ಜ್‌ಗಳ (ಸಿಗ್ನಲ್ ಮಟ್ಟ ಏರುವ ಅಥವಾ ಇಳಿಯುವ ಕ್ಷಣಗಳ) ಸರಣಿ, ಅದೇ ಅಂತರಗಳಲ್ಲಿ, ಬೇಕಾದಷ್ಟು ಸಲ ಬರುತ್ತದೆ. ದೋಷ ಸರಿಹೋಗಿದೆ ಎಂದು ಸಾಬೀತು ಮಾಡಲು ಇದಕ್ಕಿಂತ ಬೇರೆ ದಾರಿ ನನಗೆ ಕಾಣದು.

ಅನುಕರಣೆಯನ್ನು ಯಾವ ಮಟ್ಟದಲ್ಲಿ ಮಾಡಬೇಕು?

ಮೂರು ಜಾಗಗಳಲ್ಲಿ ಮಾಡಬಹುದು. ಮೊದಲನೆಯದು, ಡಿಕೋಡರ್ ಕೋಡನ್ನು (ಸಿಗ್ನಲನ್ನು ಸ್ಥಾನವಾಗಿ ಬದಲಿಸುವ ಭಾಗ) ನಿಮ್ಮ ಕಂಪ್ಯೂಟರ್‌ನಲ್ಲೇ ಕಂಪೈಲ್ ಮಾಡಿ, ರಿಜಿಸ್ಟರ್ (ಚಿಪ್‌ನೊಳಗಿನ ಪುಟ್ಟ ಸ್ಮೃತಿ) ಓದುವ ಫಂಕ್ಷನ್‌ನ ಜಾಗದಲ್ಲಿ ನಕಲಿ ಫಂಕ್ಷನ್ ಇಡುವುದು. ಸೆಕೆಂಡಿನಲ್ಲಿ ಲಕ್ಷಾಂತರ ಸನ್ನಿವೇಶಗಳನ್ನು ಓಡಿಸಬಹುದು. ಲೆಕ್ಕಾಚಾರದ ತಪ್ಪುಗಳೆಲ್ಲ ಇಲ್ಲೇ ಸಿಗಬೇಕು. ಎರಡನೆಯದು, ರೆನೋಡ್ ಅಥವಾ ಕ್ಯೂಇಎಂಯುನಂಥ ತಂತ್ರಾಂಶದಲ್ಲಿ ಇಡೀ ಮೈಕ್ರೋಕಂಟ್ರೋಲರನ್ನೇ ವರ್ಚುವಲ್ ಆಗಿ ಓಡಿಸಿ, ಅದರ ಎಸ್‌ಪಿಐ ಬಸ್‌ಗೆ (ಚಿಪ್‌ಗಳ ನಡುವಿನ ಸರಣಿ ಸಂಪರ್ಕ) ನೀವು ಬರೆದ ಸಂವೇದಕದ ಮಾದರಿಯನ್ನು ಜೋಡಿಸುವುದು. ಬೋರ್ಡ್‌ಗೆ ಹಾಕುವ ಬೈನರಿಯೇ ಬದಲಾಗದೆ ಓಡುತ್ತದೆ ಎಂಬುದು ಇದರ ದೊಡ್ಡ ಅನುಕೂಲ. ಮೂರನೆಯದು, ಅಸಲಿ ಬೋರ್ಡಿನ ಕನೆಕ್ಟರ್‌ಗೆ ಎನ್‌ಕೋಡರ್ ಬದಲು ಮತ್ತೊಂದು ಬೋರ್ಡನ್ನು ಸಿಕ್ಕಿಸಿ ನಿಜವಾದ ವೋಲ್ಟೇಜ್ ಕಳುಹಿಸುವುದು.

ಮೂರನೆಯದೊಂದೇ ನಿಜವಾದ ಪರೀಕ್ಷೆ ಎಂಬ ನಂಬಿಕೆ ಹಲವರಲ್ಲಿದೆ. ನಾನು ಒಪ್ಪುವುದಿಲ್ಲ. ಚಿಹ್ನೆ ತಪ್ಪಿದ ಕಳೆಯುವಿಕೆಯನ್ನು ಹುಡುಕಲು ವೈರ್ ಜೋಡಿಸಿ ಕೂರುವುದು ಸಮಯದ ವ್ಯಯ. ಆದರೆ ಇಂಟರಪ್ಟ್ (ನಡೆಯುತ್ತಿರುವ ಕೆಲಸ ನಿಲ್ಲಿಸಿ ಗಮನ ಸೆಳೆಯುವ ಹಾರ್ಡ್‌ವೇರ್ ಕರೆ) ವಿಳಂಬ, ಡಿಎಂಎ (ಪ್ರೊಸೆಸರ್ ನೆರವಿಲ್ಲದ ಡೇಟಾ ಸಾಗಣೆ), ಟೈಮರ್‌ನ ಫಿಲ್ಟರ್ ಇವು ಒಳಗೊಂಡ ತಪ್ಪುಗಳನ್ನು ಹುಡುಕಲು ವರ್ಚುವಲ್ ಚಿಪ್ಪನ್ನು ನಂಬಬೇಡಿ. ಅಲ್ಲಿನ ಕಾಲ ಸಾಮಾನ್ಯವಾಗಿ ಅಸಲಿ ಚಿಪ್‌ನ ಕ್ಲಾಕ್ ಸೈಕಲ್‌ಗಳಿಗೆ ಹೊಂದುವುದಿಲ್ಲ.

ಇನ್‌ಕ್ರಿಮೆಂಟಲ್ ಎನ್‌ಕೋಡರ್‌ನ ಅನುಕರಣೆಗೆ 90 ಡಿಗ್ರಿ ಅಂತರದ ಎರಡು ಚೌಕ ಅಲೆಗಳನ್ನು ಕೊಟ್ಟರೆ ಸಾಕಲ್ಲವೇ?

ಸಾಲದು. ಹೆಚ್ಚಿನ ನಕಲಿ ಎನ್‌ಕೋಡರ್‌ಗಳು ನಿಷ್ಪ್ರಯೋಜಕವಾಗುವುದು ಇಲ್ಲೇ.

ಇನ್‌ಕ್ರಿಮೆಂಟಲ್ ಎನ್‌ಕೋಡರ್ ಕೋನವನ್ನು ನೇರವಾಗಿ ಹೇಳದೆ ಎ ಮತ್ತು ಬಿ ಎಂಬ ಎರಡು ಚಾನೆಲ್‌ಗಳಲ್ಲಿ ಹೆಜ್ಜೆಗಳನ್ನು ಮಾತ್ರ ಸೂಚಿಸುತ್ತದೆ. ಇವೆರಡೂ ಸೇರಿ ನಾಲ್ಕು ಸ್ಥಿತಿಗಳು: 00, 01, 11, 10. ಹಿಂದಿನ ಸ್ಥಿತಿಯಿಂದ ಈಗಿನದಕ್ಕೆ ಒಟ್ಟು 16 ಜೋಡಿಗಳು. ನಾಲ್ಕರಲ್ಲಿ ಏನೂ ಬದಲಾಗಿಲ್ಲ, ನಾಲ್ಕು ಮುಂದಕ್ಕೆ, ನಾಲ್ಕು ಹಿಂದಕ್ಕೆ, ಉಳಿದ ನಾಲ್ಕರಲ್ಲಿ ಎರಡೂ ಚಾನೆಲ್ ಒಟ್ಟಿಗೆ ಬದಲಾಗಿರುತ್ತವೆ. ಈ ಕೊನೆಯ ನಾಲ್ಕು ಸರಿಯಾದ ಎನ್‌ಕೋಡರ್‌ನಿಂದ ಬರಕೂಡದು. ಬಂದರೆ ಒಂದು ಎಡ್ಜ್ ಕಳೆದುಹೋಗಿದೆ ಎಂದರ್ಥ. ಒಂದೇ ವೇಗದಲ್ಲಿ ಓಡುವ ಚೌಕ ಅಲೆ ಈ ಹದಿನಾರರಲ್ಲಿ ನಾಲ್ಕನ್ನು ಮಾತ್ರ ಮುಟ್ಟುತ್ತದೆ. ಉಳಿದ ಕೋಡ್ ಪರೀಕ್ಷೆಯಾಗದೆ ಉಳಿಯುತ್ತದೆ.

ಹಾಗಾಗಿ ಈ ಸನ್ನಿವೇಶಗಳನ್ನು ತಪ್ಪದೆ ಸೇರಿಸಿ. ಶಾಫ್ಟ್ ಎನ್‌ಕೋಡರ್ ಡಿಸ್ಕಿನ ಒಂದು ಗೆರೆಯ ಅಂಚಿನಲ್ಲಿ ನಿಂತು ಕಂಪಿಸುವುದು: ಬಿ ಅಲುಗುವುದಿಲ್ಲ, ಎ ಮಾತ್ರ ಮೇಲೆ ಕೆಳಗೆ ಹಾರುತ್ತದೆ. ಸರಿಯಾದ ಡಿಕೋಡರ್‌ನಲ್ಲಿ ಎಣಿಕೆ ಒಂದು ಹೆಚ್ಚಿ ಒಂದು ಇಳಿಯುತ್ತದೆ, ಸ್ಥಾನ ಎಲ್ಲಿಗೂ ಸರಿಯುವುದಿಲ್ಲ. ಎ ಏರುವಾಗ ಮಾತ್ರ ಇಂಟರಪ್ಟ್ ಪಡೆದು ಬಿಯ ಮಟ್ಟ ನೋಡಿ ಎಣಿಸುವ ಸರಳ ಕೋಡ್‌ನಲ್ಲಿ, ಪ್ರತಿ ಕಂಪನಕ್ಕೂ ಎಣಿಕೆ ಒಂದೇ ದಿಕ್ಕಿಗೆ ಏರುತ್ತಾ ಹೋಗುತ್ತದೆ. ನಿಂತ ಯಂತ್ರ ತಾನು ಚಲಿಸುತ್ತಿದ್ದೇನೆಂದು ಭಾವಿಸಿ ಅದನ್ನು ಸರಿಪಡಿಸಲು ಹೊರಡುತ್ತದೆ. ಇದೊಂದು ಪರೀಕ್ಷೆಗಾಗಿಯೇ ಎಮ್ಯುಲೇಟರ್ ಕಟ್ಟಬಹುದು.

ಮುಂದೆ, ನಾಲ್ಕು ಸ್ಥಿತಿಗಳಲ್ಲಿ ಪ್ರತಿಯೊಂದರಲ್ಲೂ ದಿಕ್ಕು ಬದಲಾಯಿಸಿ ನೋಡಿ. ಎ, ಬಿ ನಡುವಿನ ಅಂತರವನ್ನು 90ರ ಬದಲು 60 ಡಿಗ್ರಿಗೆ ಇಳಿಸಿ. ಅಸಲಿ ಎನ್‌ಕೋಡರ್‌ಗಳಲ್ಲೂ ಈ ಅಂತರ ಕರಾರುವಾಕ್ಕಾಗಿ 90 ಇರುವುದಿಲ್ಲ. ಅಂತರ ಕುಗ್ಗಿದಾಗ ಎರಡು ಎಡ್ಜ್‌ಗಳ ನಡುವಿನ ಅತಿ ಕಡಿಮೆ ಸಮಯವೂ ಕುಗ್ಗುತ್ತದೆ.

ಇಂಡೆಕ್ಸ್ ಪಲ್ಸ್‌ಗೆ ಪ್ರತ್ಯೇಕ ಗಮನ ಬೇಕು. ಇದು ಸುತ್ತಿಗೊಮ್ಮೆ ಬರುತ್ತದೆ ಮತ್ತು ಅದಕ್ಕೂ ಅಗಲವಿದೆ. ಅದರ ಏರುವ ಎಡ್ಜ್‌ಗೆ ಎಣಿಕೆಯನ್ನು ಸೊನ್ನೆ ಮಾಡುವ ಫರ್ಮ್‌ವೇರ್, ಮುಂದಕ್ಕೆ ತಿರುಗುವಾಗ ಪಲ್ಸ್‌ನ ಒಂದು ಅಂಚಿನಲ್ಲೂ ಹಿಂದಕ್ಕೆ ತಿರುಗುವಾಗ ಇನ್ನೊಂದು ಅಂಚಿನಲ್ಲೂ ಸೊನ್ನೆ ಮಾಡುತ್ತದೆ. ಎಮ್ಯುಲೇಟರನ್ನು ಇಂಡೆಕ್ಸ್‌ನ ಮೇಲೆ ಹಿಂದೆ ಮುಂದೆ ದಾಟಿಸಿ, ಪ್ರತಿ ಬಾರಿಯೂ ಸ್ಥಾನ ಒಂದೇ ಬರುತ್ತದೆಯೇ ನೋಡಿ.

ಎಷ್ಟು ವೇಗದ ಸಿಗ್ನಲ್ ಬೇಕು? ಅದನ್ನು ಯಾವುದರಿಂದ ಹುಟ್ಟಿಸುವುದು?

ಲೆಕ್ಕ ಹಾಕಿ ನೋಡೋಣ. ಸುತ್ತಿಗೆ 2500 ಗೆರೆಗಳ ಎನ್‌ಕೋಡರ್ ನಾಲ್ಕರಷ್ಟು ಎಣಿಕೆಯಲ್ಲಿ (ಪ್ರತಿ ಗೆರೆಗೆ ಎ, ಬಿಗಳ ನಾಲ್ಕು ಎಡ್ಜ್) 10,000 ಕೊಡುತ್ತದೆ. ನಿಮಿಷಕ್ಕೆ 3000 ಸುತ್ತು ಎಂದರೆ ಸೆಕೆಂಡಿಗೆ 50. ಅಂದರೆ ಪ್ರತಿ ಚಾನೆಲ್‌ನಲ್ಲಿ 125 ಕಿಲೋಹರ್ಟ್ಸ್, ಒಟ್ಟು ಸೆಕೆಂಡಿಗೆ 5 ಲಕ್ಷ ಎಡ್ಜ್, ಎರಡು ಎಡ್ಜ್‌ಗಳ ನಡುವೆ 2 ಮೈಕ್ರೋಸೆಕೆಂಡ್. 16 ಮೆಗಾಹರ್ಟ್ಸ್‌ನ ಮೈಕ್ರೋಕಂಟ್ರೋಲರ್‌ಗೆ ಅದು ಬರೀ 32 ಸೈಕಲ್. ಪ್ರತಿ ಎಡ್ಜ್‌ಗೂ ಇಂಟರಪ್ಟ್ ಪಡೆಯುವ ಫರ್ಮ್‌ವೇರ್ ಇಲ್ಲಿ ಉಳಿಯುವುದಿಲ್ಲ ಎಂಬುದು ಕಾಗದದ ಮೇಲೇ ತಿಳಿಯುತ್ತದೆ.

ಇದೇ ಲೆಕ್ಕ ಎಮ್ಯುಲೇಟರ್‌ಗೂ ಅನ್ವಯಿಸುತ್ತದೆ. ಲಿನಕ್ಸ್ ಓಡುವ ಪುಟ್ಟ ಕಂಪ್ಯೂಟರ್‌ನ ಪಿನ್‌ಗಳನ್ನು ಸಾಮಾನ್ಯ ಪ್ರೋಗ್ರಾಮಿನಿಂದ ಆಡಿಸಿದರೆ ಇಂಥ ಅಂತರಗಳನ್ನು ನೆಚ್ಚಲಾಗದು. ಆರ್‌ಪಿ2040 ಚಿಪ್‌ನ ಪಿಐಒ ಘಟಕಗಳು (ಪಿನ್‌ಗಳನ್ನು ಸ್ವತಂತ್ರವಾಗಿ ಆಡಿಸುವ ಭಾಗಗಳು) ಈ ಕೆಲಸಕ್ಕೆ ಚೆನ್ನಾಗಿ ಒಗ್ಗುತ್ತವೆ. 125 ಮೆಗಾಹರ್ಟ್ಸ್‌ನಲ್ಲಿ ಒಂದು ಹೆಜ್ಜೆ 8 ನ್ಯಾನೋಸೆಕೆಂಡ್, ಮುಖ್ಯ ಪ್ರೊಸೆಸರ್ ಏನು ಮಾಡುತ್ತಿದ್ದರೂ ಪಿನ್‌ಗಳ ಸಮಯ ಕದಲುವುದಿಲ್ಲ. ಇನ್ನೂ ನಿಖರತೆ ಬೇಕಾದರೆ ಎಫ್‌ಪಿಜಿಎ (ಒಳಗಿನ ಸರ್ಕಿಟ್ಟನ್ನು ನಾವೇ ಹೊಂದಿಸಬಹುದಾದ ಚಿಪ್).

ಇಲ್ಲೊಂದು ವಿನ್ಯಾಸದ ನಿರ್ಧಾರವಿದೆ. ಅದನ್ನು ಆರಂಭದಲ್ಲೇ ಸರಿಯಾಗಿ ಮಾಡಬೇಕು: ಸಿಗ್ನಲ್ ಹುಟ್ಟಬೇಕಾದದ್ದು ಸ್ಥಾನದಿಂದ. ಆವರ್ತನ ಕೊಟ್ಟು ಅಲೆ ಹೊರಡಿಸುವ ಎಮ್ಯುಲೇಟರ್‌ಗೆ ತಾನು ಎಲ್ಲಿದ್ದೇನೆಂದು ಗೊತ್ತಿರುವುದಿಲ್ಲ, ಹಾಗಾಗಿ ಫರ್ಮ್‌ವೇರ್‌ನ ಎಣಿಕೆಯನ್ನು ಹೋಲಿಸಲು ಏನೂ ಇರುವುದಿಲ್ಲ. 32 ಬಿಟ್‌ನ ಒಂದು ಸ್ಥಾನದ ಸಂಖ್ಯೆ ಇಟ್ಟು, ಪ್ರತಿ ಹೆಜ್ಜೆಗೂ ವೇಗಕ್ಕೆ ತಕ್ಕ ಮೊತ್ತ ಕೂಡಿಸಿ, ಮೇಲಿನ ಬಿಟ್‌ಗಳಿಂದ ಎ, ಬಿ, ಇಂಡೆಕ್ಸ್ ಮೂರನ್ನೂ ಲೆಕ್ಕ ಹಾಕಿ. ಆಗ ನಿಜವಾದ ಸ್ಥಾನ ಯಾವಾಗಲೂ ಎಮ್ಯುಲೇಟರ್‌ನ ಬಳಿ ಇರುತ್ತದೆ, ದಿಕ್ಕಿನ ಬದಲಾವಣೆಯೂ ತಾನಾಗಿ ಸರಿಬರುತ್ತದೆ.

ಮೈಕ್ರೋಕಂಟ್ರೋಲರ್‌ನ ಟೈಮರ್‌ನಲ್ಲಿರುವ ಎನ್‌ಕೋಡರ್ ಮೋಡ್ ಬಳಸುತ್ತಿದ್ದೇವೆ. ಎಣಿಕೆ ಹಾರ್ಡ್‌ವೇರ್‌ನದೇ. ಆಗಲೂ ಪರೀಕ್ಷೆ ಬೇಕೇ?

ಬೇಕು, ಸ್ವರೂಪ ಬೇರೆ. ಮೊದಲು ಇನ್‌ಪುಟ್ ಫಿಲ್ಟರ್. 1 ಮೈಕ್ರೋಸೆಕೆಂಡಿಗೊಮ್ಮೆ ನೋಡಿ ಸತತ 8 ಬಾರಿ ಒಂದೇ ಮಟ್ಟ ಕಂಡರೆ ಮಾತ್ರ ಒಪ್ಪುವಂತೆ ಹೊಂದಿಸಿದ್ದೀರಿ ಎಂದುಕೊಳ್ಳಿ. ಮೇಲಿನ 125 ಕಿಲೋಹರ್ಟ್ಸ್ ಸಿಗ್ನಲ್‌ನಲ್ಲಿ ಪ್ರತಿ ಮಟ್ಟ ಉಳಿಯುವುದೇ 4 ಮೈಕ್ರೋಸೆಕೆಂಡ್. ಫಿಲ್ಟರ್ ಎಲ್ಲವನ್ನೂ ನುಂಗಿ, ಮೋಟರ್ ಪೂರ್ಣ ವೇಗದಲ್ಲಿರುವಾಗ ಎಣಿಕೆ ನಿಂತೇ ಹೋಗುತ್ತದೆ. ಕಡಿಮೆ ವೇಗದಲ್ಲಿ ಮಾತ್ರ ಪರೀಕ್ಷಿಸಿದವರಿಗೆ ಇದು ಕಾಣುವುದಿಲ್ಲ. ವೇಗವನ್ನು ಸೊನ್ನೆಯಿಂದ ಗರಿಷ್ಠದ ಒಂದೂವರೆಪಟ್ಟಿನವರೆಗೆ ಏರಿಸಿ, ಎಲ್ಲಿ ಎಣಿಕೆ ತಪ್ಪುತ್ತದೆ ಎಂದು ಬರೆದಿಟ್ಟುಕೊಳ್ಳಿ.

ನಂತರ ಕೌಂಟರ್‌ನ ಅಗಲ. 16 ಬಿಟ್ ಕೌಂಟರ್ 65,536ಕ್ಕೆ ಸುತ್ತಿ ಬರುತ್ತದೆ. ಸುತ್ತಿಗೆ 10,000 ಎಣಿಕೆಯಲ್ಲಿ ಆರೂವರೆ ಸುತ್ತಿಗೇ ಮುಗಿಯಿತು. ಅದನ್ನು 32 ಬಿಟ್‌ಗೆ ವಿಸ್ತರಿಸುವ ಕೋಡ್, ಓವರ್‌ಫ್ಲೋ ಇಂಟರಪ್ಟ್ ಮತ್ತು ಕೌಂಟರ್ ಓದುವಿಕೆಯ ನಡುವಿನ ಸಣ್ಣ ಸಂದಿಯಲ್ಲಿ ತಪ್ಪಬಹುದು. ಎಮ್ಯುಲೇಟರನ್ನು ಆ ಗಡಿಯ ಮೇಲೆ ಗಂಟೆಗಟ್ಟಲೆ ತೂಗಾಡಿಸಿ. ಎರಡೂ ಚಾನೆಲ್ ಒಟ್ಟಿಗೆ ಬದಲಾದ ಅಕ್ರಮ ಸ್ಥಿತಿಯನ್ನು ಎಲ್ಲ ಟೈಮರ್‌ಗಳೂ ವರದಿ ಮಾಡುವುದಿಲ್ಲ ಎಂಬುದನ್ನೂ ನೆನಪಿಡಿ.

ಎಸ್‌ಪಿಐ ಮೂಲಕ ಕೋನ ಕೊಡುವ ಮ್ಯಾಗ್ನೆಟಿಕ್ ಎನ್‌ಕೋಡರನ್ನು ಅನುಕರಿಸುವಾಗ ಏನು ಗಮನಿಸಬೇಕು?

ಎಎಸ್5047ಪಿ ಚಿಪ್ಪನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. 14 ಬಿಟ್ ಕೋನ, 16 ಬಿಟ್ ಫ್ರೇಮ್ (ಒಂದು ಸಲಕ್ಕೆ ಸಾಗುವ ಬಿಟ್‌ಗಳ ಕಂತು), ಮೇಲಿನ ಬಿಟ್ ಸಮ ಪ್ಯಾರಿಟಿ (ಒಂದುಗಳ ಸಂಖ್ಯೆ ಸಮವಾಗುವಂತೆ ಸೇರಿಸುವ ಬಿಟ್), ಅದರ ಕೆಳಗಿನದು ದೋಷ ಸೂಚಿಸುವ ಬಿಟ್. ಒಂದು ಫ್ರೇಮ್‌ನಲ್ಲಿ ಕೇಳಿದ ರಿಜಿಸ್ಟರ್‌ನ ಉತ್ತರ ಬರುವುದು ಮುಂದಿನ ಫ್ರೇಮ್‌ನಲ್ಲಿ. ನಕಲಿಯು ಅದೇ ಫ್ರೇಮ್‌ನಲ್ಲೇ ಉತ್ತರ ಕೊಟ್ಟರೆ ತಪ್ಪು ಫರ್ಮ್‌ವೇರ್ ಪಾಸಾಗಿ ಸರಿಯಾದದ್ದು ಫೇಲಾಗುತ್ತದೆ.

ಈ ಪ್ಯಾರಿಟಿಯ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕು. ಡೇಟಾ ತಂತಿ ಕಡಿದು ನೆಲದ ಮಟ್ಟಕ್ಕೆ ಅಂಟಿದರೆ ಹದಿನಾರೂ ಬಿಟ್ ಸೊನ್ನೆ. ಒಂದುಗಳ ಸಂಖ್ಯೆ ಸೊನ್ನೆ, ಅದೂ ಸಮಸಂಖ್ಯೆಯೇ, ಹಾಗಾಗಿ ಪ್ಯಾರಿಟಿ ಸರಿ. ದೋಷದ ಬಿಟ್ ಸೊನ್ನೆ, ಹಾಗಾಗಿ ದೋಷವೂ ಇಲ್ಲ. ಕೋನ ಸೊನ್ನೆ ಡಿಗ್ರಿ ಎಂಬ ನ್ಯಾಯಬದ್ಧ ಉತ್ತರವೇ ಫರ್ಮ್‌ವೇರ್‌ಗೆ ಸಿಗುತ್ತದೆ. ಎಲ್ಲವೂ ಒಂದಾದಾಗ ಪ್ಯಾರಿಟಿ ಸರಿಯಿದ್ದರೂ ದೋಷದ ಬಿಟ್ ಏರಿರುವುದರಿಂದ ಸಿಕ್ಕಿಬೀಳುತ್ತದೆ. ಸೊನ್ನೆ ಮಾತ್ರ ನುಸುಳುತ್ತದೆ. ಎಂದೂ ಸೊನ್ನೆಯಾಗಿರಲಾರದ ಮತ್ತೊಂದು ರಿಜಿಸ್ಟರನ್ನು ಆಗಾಗ ಓದುವುದು, ಮೋಟರ್‌ಗೆ ವಿದ್ಯುತ್ ಹರಿಯುತ್ತಿದ್ದರೂ ಕೋನ ಒಂದಿಷ್ಟೂ ಅಲುಗದಿದ್ದರೆ ಅನುಮಾನಿಸುವುದು ಇವು ಫರ್ಮ್‌ವೇರ್‌ನಲ್ಲಿ ಇರಬೇಕು. ಇವೆಯೇ ಎಂದು ಕೇಳಬೇಕಾದದ್ದು ಎಮ್ಯುಲೇಟರ್.

ಹಾರ್ಡ್‌ವೇರ್ ದೃಷ್ಟಿಯಿಂದ ಎಸ್‌ಪಿಐ ಸ್ಲೇವ್ (ಉತ್ತರಿಸುವ ಬದಿ) ಆಗಿ ನಟಿಸುವುದು ಮಾಸ್ಟರ್ (ಕೇಳುವ ಬದಿ) ಆಗುವುದಕ್ಕಿಂತ ಕಠಿಣ, ಏಕೆಂದರೆ ಕ್ಲಾಕ್ ಎದುರಿನವರ ಕೈಯಲ್ಲಿದೆ. 10 ಮೆಗಾಹರ್ಟ್ಸ್ ಕ್ಲಾಕ್‌ನಲ್ಲಿ ಒಂದು ಬಿಟ್‌ಗೆ 100 ನ್ಯಾನೋಸೆಕೆಂಡ್. ಉತ್ತರ ಮೊದಲೇ ಸಿದ್ಧವಿರಬೇಕು. ಉತ್ತರ ಮುಂದಿನ ಫ್ರೇಮ್‌ಗೆ ಹೋಗುವ ಮೇಲಿನ ಪದ್ಧತಿ ಇಲ್ಲಿ ನಮ್ಮ ನೆರವಿಗೆ ಬರುತ್ತದೆ.

ಸ್ಥಾನವನ್ನು ಬಿಟ್ ಬಿಟ್ಟಾಗಿ ಕಳುಹಿಸುವ ಎಸ್‌ಎಸ್‌ಐ, ಬಿಸ್-ಸಿ ಇಂಟರ್‌ಫೇಸ್‌ಗಳು?

ಎಸ್‌ಎಸ್‌ಐಯಲ್ಲಿ ಕ್ಲಾಕ್‌ನ ಮೊದಲ ಇಳಿಯುವ ಎಡ್ಜ್‌ಗೆ ಸ್ಥಾನ ಸೆರೆಯಾಗುತ್ತದೆ, ನಂತರದ ಪ್ರತಿ ಏರುವ ಎಡ್ಜ್‌ಗೆ ಒಂದೊಂದು ಬಿಟ್ ಹೊರಬರುತ್ತದೆ. ಕೊನೆಯ ಬಿಟ್ ಆದ ಮೇಲೆ ಸ್ವಲ್ಪ ಕಾಲ ಡೇಟಾ ಕೆಳಗೇ ಇರುತ್ತದೆ. ಈ ಕಾಲವನ್ನು ಹಲವು ನಕಲಿಗಳು ಮರೆಯುತ್ತವೆ. ಅದು ಕಳೆಯುವ ಮೊದಲೇ ಫರ್ಮ್‌ವೇರ್ ಮತ್ತೆ ಕ್ಲಾಕ್ ಕೊಟ್ಟರೆ ಎನ್‌ಕೋಡರ್ ಹೊಸ ಸ್ಥಾನ ಕೊಡುವುದಿಲ್ಲ. ಮೂಲ ಎಸ್‌ಎಸ್‌ಐಯಲ್ಲಿ ಸಿಆರ್‌ಸಿ (ತಪ್ಪು ಪತ್ತೆಗೆ ಸೇರಿಸುವ ತಾಳೆ ಸಂಖ್ಯೆ) ಇಲ್ಲದ್ದರಿಂದ ಒಂದು ಬಿಟ್ ತಿರುಗಿದರೂ ಹಿಡಿಯುವವರಿಲ್ಲ. ಹಿಂದಿನ ಸ್ಥಾನದಿಂದ ಇಷ್ಟು ದೂರ ನೆಗೆಯುವುದು ಭೌತಿಕವಾಗಿ ಸಾಧ್ಯವೇ ಎಂಬ ಪರಿಶೀಲನೆಯೊಂದೇ ಕಾವಲು. ಹಲವು ಎನ್‌ಕೋಡರ್‌ಗಳು ಗ್ರೇ ಕೋಡ್‌ನಲ್ಲಿ (ಪಕ್ಕದ ಸಂಖ್ಯೆಗೆ ಹೋಗುವಾಗ ಒಂದೇ ಬಿಟ್ ಬದಲಾಗುವ ಸಂಕೇತ) ಕಳುಹಿಸುತ್ತವೆ, ಇಲ್ಲಿ ಮೇಲಿನ ಒಂದು ಬಿಟ್ ಕೆಟ್ಟರೆ ಬೈನರಿಗೆ ಬದಲಿಸುವಾಗ ಕೆಳಗಿನವೆಲ್ಲ ಕೆಡುತ್ತವೆ.

ಬಿಸ್-ಸಿಯಲ್ಲಿ ಸಾಮಾನ್ಯವಾಗಿ 6 ಬಿಟ್ ಸಿಆರ್‌ಸಿ ಇದೆ, ಅದರ ಬಿಟ್‌ಗಳನ್ನು ತಲೆಕೆಳಗಾಗಿಸಿ (0 ಇದ್ದಲ್ಲಿ 1, 1 ಇದ್ದಲ್ಲಿ 0) ಕಳುಹಿಸಲಾಗುತ್ತದೆ. ದೋಷ ಮತ್ತು ಎಚ್ಚರಿಕೆಯ ಬಿಟ್‌ಗಳು ಸೊನ್ನೆಯಾದಾಗ ತೊಂದರೆ ಎಂದರ್ಥ. ಈ ತಲೆಕೆಳಗನ್ನು ಎಮ್ಯುಲೇಟರ್ ಬರೆದವರೂ ಫರ್ಮ್‌ವೇರ್ ಬರೆದವರೂ ಒಬ್ಬರೇ ಆಗಿದ್ದು ಒಂದೇ ರೀತಿ ತಪ್ಪು ತಿಳಿದರೆ ಪರೀಕ್ಷೆಗಳೆಲ್ಲ ಪಾಸಾಗುತ್ತವೆ.

ಸೊನ್ನೆಯ ಗಡಿ ದಾಟುವಾಗ ಏನೇನು ಕೆಡುತ್ತದೆ?

ಅರ್ಧದಷ್ಟು ದೋಷಗಳು ಇಲ್ಲಿಯೇ ಅಡಗಿರುತ್ತವೆ ಎಂಬ ಭಾವನೆಯಿಂದಲೇ ಹುಡುಕಿ. 16383ರ ನಂತರ 0 ಬಂದಾಗ ಒಂದು ಹೆಜ್ಜೆ ಮುಂದೆ ಎಂದು ಓದಬೇಕು, ಒಂದು ಸುತ್ತು ಹಿಂದೆ ಎಂದಲ್ಲ. ಇದು ಎಲ್ಲರಿಗೂ ಗೊತ್ತು. ಇದಕ್ಕಿಂತ ಸೂಕ್ಷ್ಮವಾದದ್ದು ಹರಿದ ಓದು. ಬಹು ಸುತ್ತಿನ ಎನ್‌ಕೋಡರ್‌ನಲ್ಲಿ ಸುತ್ತಿನ ಸಂಖ್ಯೆ 5, ಕೋನ 16383 ಇದ್ದಾಗ ಫರ್ಮ್‌ವೇರ್ ಮೊದಲು ಸುತ್ತನ್ನು ಓದುತ್ತದೆ, 5 ಸಿಗುತ್ತದೆ. ಅಷ್ಟರಲ್ಲಿ ಶಾಫ್ಟ್ ಒಂದು ಹೆಜ್ಜೆ ಸರಿಯುತ್ತದೆ. ಆಮೇಲೆ ಕೋನ ಓದಿದರೆ 0. ಒಟ್ಟು ಸ್ಥಾನ ಸುಮಾರು ಒಂದು ಇಡೀ ಸುತ್ತು ಹಿಂದಕ್ಕೆ.

ಚಿಕ್ಕ ಚಿಪ್‌ಗಳಲ್ಲೂ ಇದೇ ಕಥೆ. 12 ಬಿಟ್ ಕೋನವನ್ನು ಐ2ಸಿ ಎಂಬ ಎರಡು ತಂತಿಯ ಸಂಪರ್ಕದ ಮೂಲಕ ಎರಡು ಬೈಟ್‌ಗಳಾಗಿ, ಎರಡು ಪ್ರತ್ಯೇಕ ವಹಿವಾಟುಗಳಲ್ಲಿ ಓದಿದರೆ, 255ರಿಂದ 256ಕ್ಕೆ ಸರಿಯುವ ಹೊತ್ತಿಗೆ ಹಳೆಯ ಮೇಲಿನ ಬೈಟ್ ಮತ್ತು ಹೊಸ ಕೆಳಗಿನ ಬೈಟ್ ಸೇರಿ 0 ಆಗಬಹುದು. ಅದು 22.5 ಡಿಗ್ರಿಯ ತಪ್ಪು. ಇದನ್ನು ಅಸಲಿ ಚಿಪ್‌ನಲ್ಲಿ ಹಿಡಿಯಲು ಅದೃಷ್ಟ ಬೇಕು. ಎಮ್ಯುಲೇಟರ್‌ನಲ್ಲಿ ಎರಡು ಓದುಗಳ ನಡುವೆಯೇ ಸ್ಥಾನವನ್ನು ಸರಿಸಿ ಎಂದು ಒಂದು ಸಾಲು ಬರೆದರೆ ಸಾಕು.

ಮೋಟರ್‌ನ ಗಣಿತದ ಮಾದರಿಯನ್ನೂ ಸೇರಿಸಬೇಕೇ?

ಡಿಕೋಡರ್ ಮಾತ್ರ ಪರೀಕ್ಷಿಸುವುದಾದರೆ ಬೇಡ; ಮೊದಲೇ ಬರೆದ ಚಲನೆಯ ಸರಣಿ ಸಾಕು. ನಿಯಂತ್ರಣದ ಲೂಪ್ ಪರೀಕ್ಷಿಸಬೇಕಾದರೆ ಬೇಕು. ಫರ್ಮ್‌ವೇರ್ ಕೊಟ್ಟ ಪಿಡಬ್ಲ್ಯುಎಂ (ಮೋಟರ್‌ನ ಬಲ ನಿಯಂತ್ರಿಸುವ ಪಲ್ಸ್‌ಗಳು) ಅಳೆದು, ಅದರಿಂದ ಟಾರ್ಕ್, ಟಾರ್ಕ್‌ನಿಂದ ವೇಗೋತ್ಕರ್ಷ, ಅದರಿಂದ ಸ್ಥಾನ ಲೆಕ್ಕ ಹಾಕಿ ಎನ್‌ಕೋಡರ್ ಸಿಗ್ನಲ್ ಆಗಿ ಹಿಂದಿರುಗಿಸಬೇಕು. ಜಡತ್ವ ಮತ್ತು ಘರ್ಷಣೆಯಿರುವ ಸರಳ ಮಾದರಿಯಿಂದಲೇ ಬಹಳ ಕೆಲಸವಾಗುತ್ತದೆ.

ಇಲ್ಲಿ ಸಂವೇದಕದ ವಿಳಂಬವನ್ನು ಬಿಟ್ಟುಬಿಡಬೇಡಿ. 100 ಮೈಕ್ರೋಸೆಕೆಂಡ್ ವಿಳಂಬವೆಂದರೆ ನಿಮಿಷಕ್ಕೆ 6000 ಸುತ್ತಿನಲ್ಲಿ 3.6 ಡಿಗ್ರಿ. 7 ಜೋಡಿ ಧ್ರುವಗಳ ಮೋಟರ್‌ನಲ್ಲಿ ಅದು ವಿದ್ಯುತ್ ಕೋನದ (ಪ್ರತಿ ಜೋಡಿ ಧ್ರುವಕ್ಕೆ 360 ಡಿಗ್ರಿ) ಲೆಕ್ಕದಲ್ಲಿ 25 ಡಿಗ್ರಿ ದಾಟುತ್ತದೆ. ವಿಳಂಬವಿಲ್ಲದ ನಕಲಿಯ ಮೇಲೆ ಹದಗೊಳಿಸಿದ ಲೂಪ್ ಅಸಲಿ ಮೋಟರ್‌ನಲ್ಲಿ ತೂಗಾಡತೊಡಗಿದರೆ ಆಶ್ಚರ್ಯವಿಲ್ಲ.

ವೇಗದ ಲೆಕ್ಕಾಚಾರವನ್ನು ಪರೀಕ್ಷಿಸುವುದು ಹೇಗೆ?

ನಿಧಾನ ಗತಿಯಲ್ಲಿ. ಸುತ್ತಿಗೆ 4096 ಎಣಿಕೆ, 1 ಮಿಲಿಸೆಕೆಂಡಿಗೊಮ್ಮೆ ಓದು ಎಂದಾದರೆ ಒಂದು ಎಣಿಕೆ ನಿಮಿಷಕ್ಕೆ 14.6 ಸುತ್ತಿಗೆ ಸಮ. ನಿಮಿಷಕ್ಕೆ 5 ಸುತ್ತಿನ ಸಮ ಚಲನೆ ಕೊಟ್ಟರೆ ಎಣಿಕೆ ಆಧಾರಿತ ಲೆಕ್ಕ 0 ಮತ್ತು 14.6ರ ನಡುವೆ ಜಿಗಿಯುತ್ತದೆ. ಎಡ್ಜ್‌ಗಳ ನಡುವಿನ ಸಮಯ ಅಳೆಯುವ ವಿಧಾನ ಇಲ್ಲಿ ಮೇಲು, ಆದರೆ ಶಾಫ್ಟ್ ಥಟ್ಟನೆ ನಿಂತಾಗ ಮುಂದಿನ ಎಡ್ಜ್ ಬರುವುದೇ ಇಲ್ಲ, ಫರ್ಮ್‌ವೇರ್ ಕೊನೆಯ ವೇಗವನ್ನೇ ಹಿಡಿದು ಕೂರುತ್ತದೆ. ಥಟ್ಟನೆ ನಿಲ್ಲಿಸುವ ಪರೀಕ್ಷೆ ಪಟ್ಟಿಯಲ್ಲಿ ಇರಲೇಬೇಕು.

ಸೈನ್-ಕೊಸೈನ್ ಎನ್‌ಕೋಡರ್ ಮತ್ತು ರಿಸಾಲ್ವರ್?

ಕೋನವನ್ನು ಎರಡು ಅನಲಾಗ್ ಅಲೆಗಳಾಗಿ ಕೊಡುವ ಸೈನ್-ಕೊಸೈನ್‌ಗೆ ಎರಡು ಡಿಎಸಿ (ಸಂಖ್ಯೆಯನ್ನು ವೋಲ್ಟೇಜ್ ಆಗಿಸುವ) ಚಾನೆಲ್ ಸಾಕು. ಶುದ್ಧ ಅಲೆಯ ಬದಲು ದೋಷಗಳನ್ನು ಒಂದೊಂದಾಗಿ ಸೇರಿಸಿ: ಆಫ್‌ಸೆಟ್ (ಅಲೆ ಮಧ್ಯದಿಂದ ಮೇಲೆ ಅಥವಾ ಕೆಳಗೆ ಸರಿದಿರುವುದು) ಇದ್ದರೆ ಪ್ರತಿ ಆವರ್ತಕ್ಕೆ ಒಮ್ಮೆ ಏರಿಳಿಯುವ ತಪ್ಪು, ಎರಡರ ಎತ್ತರದಲ್ಲಿ ವ್ಯತ್ಯಾಸ ಇದ್ದರೆ ಎರಡು ಬಾರಿ ಏರಿಳಿಯುವ ತಪ್ಪು ಬರಬೇಕು. ಫರ್ಮ್‌ವೇರ್‌ನ ತಿದ್ದುಪಡಿ ಸರಿಯಿದೆಯೇ ಎಂದು ನೇರವಾಗಿ ತಿಳಿಯುತ್ತದೆ. ರಿಸಾಲ್ವರ್ (ತಂತಿ ಸುರುಳಿಗಳಿಂದ ಕೋನ ಅಳೆಯುವ ಸಂವೇದಕ) ಕಷ್ಟ, ಫರ್ಮ್‌ವೇರ್ ಕಡೆಯಿಂದ ಬರುವ ಪ್ರಚೋದಕ ಅಲೆಯನ್ನೇ ಸೈನ್ ಮತ್ತು ಕೊಸೈನ್‌ನಿಂದ ಗುಣಿಸಿ ಹಿಂದಿರುಗಿಸಬೇಕು.

ಎಮ್ಯುಲೇಟರ್‌ನಲ್ಲೇ ತಪ್ಪಿದ್ದರೆ?

ಇದನ್ನು ಕೇಳದ ತಂಡಗಳ ಬಗ್ಗೆ ನನಗೆ ನಿಜವಾಗಿ ಆತಂಕ. ಡಿಕೋಡರ್‌ನ ಕೋಡನ್ನಾಗಲಿ ಅದರ ಕೋಷ್ಟಕಗಳನ್ನಾಗಲಿ ಎಮ್ಯುಲೇಟರ್‌ನಲ್ಲಿ ಮರುಬಳಕೆ ಮಾಡಕೂಡದು. ಎರಡೂ ಡೇಟಾಶೀಟ್‌ನಿಂದ ಸ್ವತಂತ್ರವಾಗಿ ಹುಟ್ಟಬೇಕು, ಸಾಧ್ಯವಾದರೆ ಬೇರೆ ಬೇರೆ ಜನರಿಂದ. ಆಮೇಲೆ ಅಸಲಿ ಎನ್‌ಕೋಡರ್‌ನ ಸಿಗ್ನಲನ್ನು ಲಾಜಿಕ್ ಅನಲೈಸರ್‌ನಲ್ಲಿ ದಾಖಲಿಸಿ, ಅದೇ ಕೇಳಿಕೆಗೆ ಎಮ್ಯುಲೇಟರ್ ಕೊಡುವುದರ ಪಕ್ಕದಲ್ಲಿ ಇಟ್ಟು ನೋಡಿ. ವಿದ್ಯುತ್ ಕೊಟ್ಟ ಮೊದಲ ಕೆಲವು ಮಿಲಿಸೆಕೆಂಡುಗಳನ್ನೂ ದಾಖಲಿಸಿ. ಸಂವೇದಕ ಇನ್ನೂ ಸಿದ್ಧವಾಗಿಲ್ಲದಾಗ ಅದು ಏನು ಹೇಳುತ್ತದೆ ಎಂಬುದು ಡೇಟಾಶೀಟ್‌ನಲ್ಲಿ ಪೂರ್ತಿ ಇರುವುದಿಲ್ಲ, ಫರ್ಮ್‌ವೇರ್ ಆ ಹೊತ್ತಿಗೇ ಓದಲು ಶುರು ಮಾಡಿರುತ್ತದೆ.

ಉದ್ದೇಶಪೂರ್ವಕವಾಗಿ ಕೆಡಿಸಿದ ಫರ್ಮ್‌ವೇರ್ ಒಂದನ್ನು ಇಟ್ಟುಕೊಳ್ಳುವುದೂ ಒಳ್ಳೆಯದು. ಪ್ಯಾರಿಟಿ ಪರಿಶೀಲನೆ ತೆಗೆದುಹಾಕಿ ಪರೀಕ್ಷೆಗಳನ್ನು ಓಡಿಸಿ. ಎಲ್ಲವೂ ಪಾಸಾದರೆ ಪರೀಕ್ಷೆಗಳು ಅಪೂರ್ಣ.

ಹಾಗಾದರೆ ಅಸಲಿ ಎನ್‌ಕೋಡರ್‌ನ ಪರೀಕ್ಷೆ ಬೇಡವೇ?

ಬೇಕು. ಜೋಡಣೆಯ ತಪ್ಪು, ಉಷ್ಣತೆ, ಕೇಬಲ್‌ನ ಗುಣ, ಪಕ್ಕದ ಮೋಟರ್‌ನ ವಿದ್ಯುತ್ ಗದ್ದಲ ಇವು ಅಲ್ಲೇ ಕಾಣುವುದು. ಕಂಡದ್ದನ್ನು ಅಳೆದು ಎಮ್ಯುಲೇಟರ್‌ಗೆ ಸೇರಿಸಬಹುದು. 20 ಮಿ.ಮೀ. ತ್ರಿಜ್ಯದಲ್ಲಿ ಗೆರೆಗಳಿರುವ ಡಿಸ್ಕ್ 0.02 ಮಿ.ಮೀ. ಕೇಂದ್ರ ತಪ್ಪಿ ಕುಳಿತರೆ, ಒಂದೇ ಓದುವ ತಲೆಯಿರುವ ಎನ್‌ಕೋಡರ್‌ನಲ್ಲಿ ಸುತ್ತಿಗೊಮ್ಮೆ ಸುಮಾರು 0.057 ಡಿಗ್ರಿ ಅತ್ತಿತ್ತ ಏರಿಳಿಯುವ ತಪ್ಪು ಬರುತ್ತದೆ. ಎಮ್ಯುಲೇಟರ್‌ನಲ್ಲಿ ಇದು ಒಂದು ಸೈನ್ ಪದವಷ್ಟೇ.

ಫರ್ಮ್‌ವೇರ್‌ನಲ್ಲಿ ಪರೀಕ್ಷೆಗೆಂದೇ ಏನಾದರೂ ಸೇರಿಸಬೇಕೇ?

ಎಣಿಕೆಗಳನ್ನು ಸೇರಿಸಿ: ಅಕ್ರಮ ಸ್ಥಿತಿಗಳು ಎಷ್ಟು, ಸಿಆರ್‌ಸಿ ಅಥವಾ ಪ್ಯಾರಿಟಿ ತಪ್ಪಿದ್ದು ಎಷ್ಟು, ಅಸಾಧ್ಯ ನೆಗೆತಗಳು ಎಷ್ಟು, ಇಂಡೆಕ್ಸ್ ಬಂದಾಗ ಎಣಿಕೆ ಎಷ್ಟು ಆಚೀಚೆ ಇತ್ತು. ಅವನ್ನು ಸೀರಿಯಲ್ ಪೋರ್ಟ್ ಅಥವಾ ಕ್ಯಾನ್ ಬಸ್ (ಯಂತ್ರದೊಳಗಿನ ಸಂವಹನ ಜಾಲ) ಮೂಲಕ ಓದುವಂತಿರಲಿ. ಎಮ್ಯುಲೇಟರ್ 37 ದೋಷ ಕಳುಹಿಸಿದಾಗ ಫರ್ಮ್‌ವೇರ್ 37 ಎಂದೇ ಹೇಳಬೇಕು. 36 ಎಂದರೆ ಆ ಒಂದನ್ನು ಹುಡುಕಿ. ಈ ಎಣಿಕೆಗಳನ್ನು ಮಾರಾಟಕ್ಕೆ ಹೋಗುವ ಆವೃತ್ತಿಯಲ್ಲೂ ಉಳಿಸಿಕೊಳ್ಳಿ. ಯಂತ್ರದ ಕೇಬಲ್ ನಿಧಾನವಾಗಿ ಸವೆಯುತ್ತಿರುವುದು ಮೊದಲು ಗೊತ್ತಾಗುವುದು ಅವುಗಳಲ್ಲೇ.